ರುಥೇನಿಯಂ ರೆಡ್‌ನಿಂದ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್ ಗುರುತಿಸುವುದು: ನೀರಿನಿಂದ ತೀರ್ಮಾನದವರೆಗೆ ಹಂತ ಹಂತವಾಗಿ

ರುಥೇನಿಯಂ ರೆಡ್ ಎಂಬ ಕೆಂಪು ಬಣ್ಣ ಹಾಕುವುದು ನೋಡಲು ತುಂಬಾ ಸುಲಭದ ಕೆಲಸ. ಜೆಲ್‌ನಲ್ಲಿ ಬೇರ್ಪಡಿಸಿದ ಪ್ರೋಟೀನ್‌ಗಳನ್ನು ಹಾಳೆಯಂಥ ಮೆಂಬ್ರೇನಿಗೆ ವರ್ಗಾಯಿಸಿರುತ್ತೇವೆ, ಇದೇ ಬ್ಲಾಟ್. ಆ ಮೆಂಬ್ರೇನನ್ನು ಬಣ್ಣದಲ್ಲಿ ಅದ್ದಬೇಕು, ತೊಳೆಯಬೇಕು, ನೋಡಬೇಕು. ಆದರೂ ಹೊಸದಾಗಿ ಮಾಡುವವರು ಒಂದೇ ಕಡೆ ಮತ್ತೆ ಮತ್ತೆ ಎಡವುತ್ತಾರೆ. ಕೆಲವರಿಗೆ ಇಡೀ ಮೆಂಬ್ರೇನ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೆಲವರಿಗೆ ಏನೂ ಕಾಣುವುದಿಲ್ಲ. ಮೂರನೆಯ ಗುಂಪಿನವರಿಗೆ ಚೆಂದದ ಬ್ಯಾಂಡ್, ಅಂದರೆ ಬಣ್ಣ ಹಿಡಿದ ಪ್ರೋಟೀನಿನ ಗೆರೆ, ಸಿಗುತ್ತದೆ. ಅದನ್ನೇ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್ ಎಂದು ಥೀಸಿಸ್‌ನಲ್ಲಿ ಬರೆದುಬಿಡುತ್ತಾರೆ. ನನಗೆ ಹೆಚ್ಚು ಚಿಂತೆ ಈ ಮೂರನೆಯವರದ್ದೇ.

ಕೆಂಪು ಬಣ್ಣ ಬಂತು ಅಂದರೆ ಅಲ್ಲಿ ಋಣ ವಿದ್ಯುದಂಶ ದಟ್ಟವಾಗಿದೆ ಎಂದು ಮಾತ್ರ ಗೊತ್ತಾಗುತ್ತದೆ. ಕ್ಯಾಲ್ಸಿಯಂ ಕೊಟ್ಟಾಗ ಅದೇ ಬಣ್ಣ ಬಿಟ್ಟುಹೋದರೆ ಆಗ ಕ್ಯಾಲ್ಸಿಯಂ ಬಗ್ಗೆ ಮಾತಾಡಬಹುದು. ಕೆಳಗಿನ ಹಂತಗಳೆಲ್ಲ ಈ ಎರಡನೆಯ ಪರೀಕ್ಷೆಯನ್ನು ನಂಬುವ ಹಾಗೆ ಮಾಡಲು ಇರುವಂಥವು.

## ಬಣ್ಣ ಎಲ್ಲಿ ಅಂಟುತ್ತದೆ

ರುಥೇನಿಯಂ ರೆಡ್‌ನಲ್ಲಿ ಇಂಗಾಲವೇ ಇಲ್ಲ. 3 ರುಥೇನಿಯಂ ಪರಮಾಣುಗಳು ಒಂದೇ ಸಾಲಿನಲ್ಲಿ ನಿಂತಿವೆ. ಅವುಗಳ ನಡುವೆ 2 ಆಕ್ಸಿಜನ್ ಸೇತುವೆ, ಸುತ್ತ 14 ಅಮೋನಿಯಾ. ಇಡೀ ಅಯಾನಿನ ಮೇಲೆ +6 ವಿದ್ಯುದಂಶ ಇದೆ. ಕ್ಯಾಲ್ಸಿಯಂ ಅಯಾನಿಗೆ ಇರುವುದು +2 ಮಾತ್ರ.

ಪ್ರೋಟೀನ್‌ಗಳು ಕ್ಯಾಲ್ಸಿಯಂ ಹಿಡಿಯುವುದು ಹೆಚ್ಚಾಗಿ ಆಸ್ಪಾರ್ಟೇಟ್ ಮತ್ತು ಗ್ಲುಟಮೇಟ್‌ಗಳ ಆಮ್ಲದ ತುದಿಗಳಿಂದ. ಕ್ಯಾಲ್ಮೊಡ್ಯುಲಿನ್, ಟ್ರೋಪೋನಿನ್ ಸಿ, ಎಸ್-100 ಇವುಗಳಲ್ಲಿ ಇಎಫ್ ಹ್ಯಾಂಡ್ ಎಂಬ ಸುರುಳಿ ಇದೆ. ಅಲ್ಲಿ ಒಂದೊಂದು ಕ್ಯಾಲ್ಸಿಯಂ ಬಿಗಿಯಾಗಿ ಕೂರುತ್ತದೆ. ಸ್ನಾಯುವಿನ ಕ್ಯಾಲ್ಸೀಕ್ವೆಸ್ಟ್ರಿನ್ ಬೇರೆ ಥರ. ಅದು ಪ್ರತಿ ಅಣುವಿಗೆ 40ರಿಂದ 50 ಕ್ಯಾಲ್ಸಿಯಂ ಹಿಡಿಯುತ್ತದೆ, ಆದರೆ ಸಡಿಲವಾಗಿ. ರುಥೇನಿಯಂ ರೆಡ್ ಎರಡೂ ಜಾತಿಗೆ ಅಂಟುತ್ತದೆ.

1990ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಕ್ಯಾಲ್ಸೀಕ್ವೆಸ್ಟ್ರಿನ್‌ಗೆ ಈ ಬಣ್ಣ ಅಂಟುವ ಕೆಡಿ, ಅಂದರೆ ಅರ್ಧದಷ್ಟು ಜಾಗ ತುಂಬಲು ಬೇಕಾದ ಬಣ್ಣದ ಪ್ರಮಾಣ, 0.7 ಮೈಕ್ರೋಮೋಲಾರ್. ಒಂದು ಮಿಲಿಗ್ರಾಂ ಪ್ರೋಟೀನ್ 218 ನ್ಯಾನೋಮೋಲ್ ಬಣ್ಣ ಹಿಡಿಯುತ್ತದೆ. ಲೆಕ್ಕ ಹಾಕಿದರೆ ಒಂದು ಪ್ರೋಟೀನ್ ಅಣುವಿಗೆ ಸುಮಾರು 9 ಬಣ್ಣದ ಅಣು. ಕ್ಯಾಲ್ಸಿಯಂ ಈ ಬಣ್ಣವನ್ನು ಹೊರದಬ್ಬುವ ಕೆಐ, ಅಂದರೆ ಪೈಪೋಟಿಯಲ್ಲಿ ಕ್ಯಾಲ್ಸಿಯಂನ ಬಲದ ಅಳತೆ, 1.4 ಮಿಲಿಮೋಲಾರ್. ಕೆಡಿ, ಕೆಐ ಈ ಎರಡು ಅಂಕಿಗಳನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಡಿ, ಮುಂದೆ ಪದೇ ಪದೇ ಬೇಕಾಗುತ್ತವೆ.

## ಬೇಕಾದ ಸಾಮಾನು

ರುಥೇನಿಯಂ ರೆಡ್ ಪುಡಿ, ಪೊಟ್ಯಾಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್, ಟ್ರಿಸ್. ನೈಟ್ರೋಸೆಲ್ಯುಲೋಸ್ ಮೆಂಬ್ರೇನ್, ಸಾಧ್ಯವಾದರೆ 0.2 ಮೈಕ್ರಾನ್‌ದ್ದು. ಒಟ್ಟು ಪ್ರೋಟೀನ್ ನೋಡಲು ಅಮಿಡೋ ಬ್ಲ್ಯಾಕ್. ಚಪ್ಪಟೆ ತುದಿಯ ಫೋರ್ಸೆಪ್ಸ್, 4 ಪುಟ್ಟ ಪ್ಲಾಸ್ಟಿಕ್ ಟ್ರೇ, ಶೇಕರ್. ಬೆಳಕಿನ ಹೀರಿಕೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಖಂಡಿತ ಬೇಕು, ಅದಿಲ್ಲದೆ ಹಂತ 2 ಆಗುವುದಿಲ್ಲ.

ಕೈಗವಸು, ಕೋಟ್, ಮಾಸ್ಕ್ ಹಾಕದೆ ಪುಡಿ ತೂಗಬೇಡಿ. ಪ್ರಾಣಿಗಳ ದೇಹಕ್ಕೆ ಚುಚ್ಚಿದಾಗ ಈ ಬಣ್ಣ ನರಮಂಡಲಕ್ಕೆ ಹಾನಿ ಮಾಡಿ ಸೆಳವು ಬರಿಸುತ್ತದೆ. ಬಳಸಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಭಾರಲೋಹ ತ್ಯಾಜ್ಯ ಎಂದು ಲೇಬಲ್ ಅಂಟಿಸಿದ ಬಾಟಲಿಯಲ್ಲಿ ಕೂಡಿಡಿ.

## ಹಂತ 1: ನೀರು ಮತ್ತು ಬಫರ್

ಎಲ್ಲದಕ್ಕೂ ಡಿಅಯೊನೈಸ್ಡ್ ನೀರು. ಟ್ರೇ ತೊಳೆಯುವ ಕೊನೆಯ ಸಲಕ್ಕೂ ಅದೇ.

ಕರ್ನಾಟಕದ ಬಹಳ ಕಡೆ ಬೋರ್‌ವೆಲ್ ನೀರು ಗಡಸು. ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರು ಅಂದರೆ 2.5 ಮಿಲಿಮೋಲಾರ್. ಮೇಲಿನ ಕೆಐ ನೆನಪಿದೆಯಲ್ವಾ, 1.4 ಮಿಲಿಮೋಲಾರ್. ಅಂದರೆ ನಲ್ಲಿ ನೀರಲ್ಲಿ ಬ್ಲಾಟ್ ತೊಳೆದರೆ ನಿಮ್ಮ ಕೊನೆಯ ಪರೀಕ್ಷೆ ಅಲ್ಲೇ ಗೊತ್ತಿಲ್ಲದೆ ನಡೆದುಹೋಗಿರುತ್ತದೆ. ಬಣ್ಣ ತೊಳೆದುಹೋಯಿತು, ಪ್ರೋಟೀನ್ ಇಲ್ಲ ಎಂದುಕೊಳ್ಳುತ್ತೀರಿ.

ಮೂಲ ಬಫರ್ 1 ಲೀಟರಿಗೆ:

- ಪೊಟ್ಯಾಸಿಯಂ ಕ್ಲೋರೈಡ್ 4.47 ಗ್ರಾಂ, ಅಂದರೆ 60 ಮಿಲಿಮೋಲಾರ್
- ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 1.02 ಗ್ರಾಂ, ಅಂದರೆ 5 ಮಿಲಿಮೋಲಾರ್
- ಟ್ರಿಸ್ 1.21 ಗ್ರಾಂ, ಅಂದರೆ 10 ಮಿಲಿಮೋಲಾರ್
- ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 7.5

ಪೊಟ್ಯಾಸಿಯಂ, ಮೆಗ್ನೀಸಿಯಂ ಸುಮ್ನೆ ಸೇರಿಸಿದ್ದಲ್ಲ. ಅಲ್ಲೊಂದು ಇಲ್ಲೊಂದು ಇರುವ ಋಣ ತುದಿಗಳನ್ನು ಅವು ಮುಚ್ಚುತ್ತವೆ. ಆಗ ಬಣ್ಣ ದಟ್ಟವಾದ ಜಾಗಕ್ಕೆ ಮಾತ್ರ ಹೋಗುತ್ತದೆ. "ಬಣ್ಣ ಗಾಢವಾಗಿ ಬರಲಿ" ಎಂದು ಉಪ್ಪು ಬಿಟ್ಟು ಬರಿ ನೀರಲ್ಲಿ ಬಣ್ಣ ಕರಗಿಸುವವರಿದ್ದಾರೆ. ಗಾಢವಾಗಿ ಬರುತ್ತದೆ ನಿಜ, ಆದರೆ ಎಲ್ಲ ಆಮ್ಲೀಯ ಪ್ರೋಟೀನಿಗೂ ಬರುತ್ತದೆ.

ಫಾಸ್ಫೇಟ್ ಬಫರ್ ಬೇಡ. ಹಂತ 7ರಲ್ಲಿ ಕ್ಯಾಲ್ಸಿಯಂ ಹಾಕಿದಾಗ ಅದು ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿಯಾಗಿ ಕೂರುತ್ತದೆ. ಇಡಿಟಿಎ, ಇಜಿಟಿಎ ಕೂಡ ಮೂಲ ಬಫರಿನಲ್ಲಿ ಬೇಡ. ಅವು ಮೆಗ್ನೀಸಿಯಂ, ಕ್ಯಾಲ್ಸಿಯಂಗಳನ್ನು ಕಸಿದುಕೊಂಡು ನಿಮ್ಮ ಲೆಕ್ಕವನ್ನೇ ಕೆಡಿಸುತ್ತವೆ.

## ಹಂತ 2: ಪುಡಿಯನ್ನು ನಂಬುವ ಮುಂಚೆ ಅಳೆಯಿರಿ

ಅತಿ ಹೆಚ್ಚು ಮಂದಿ ಬಿಡುವ ಹಂತ ಇದು. ಮಾರುಕಟ್ಟೆಯಲ್ಲಿ ಸಿಗುವ ರುಥೇನಿಯಂ ರೆಡ್ ಅನೇಕ ಸಲ ಅರ್ಧವೂ ಶುದ್ಧವಾಗಿರುವುದಿಲ್ಲ. ಅದರಲ್ಲಿ ರುಥೇನಿಯಂ ಬ್ರೌನ್, ರುಥೇನಿಯಂ ವಯೊಲೆಟ್ ಎಂಬ ಬೆರಕೆಗಳಿರುತ್ತವೆ. ಹಿನ್ನೆಲೆ ಕೊಳಕಾಗುವುದಕ್ಕೆ ಈ ಬೆರಕೆಯೂ ಒಂದು ಕಾರಣ.

10 ಮಿಲಿಗ್ರಾಂ ಪುಡಿಯನ್ನು 10 ಮಿಲಿಲೀಟರ್ ನೀರಲ್ಲಿ ಕರಗಿಸಿ. ಇದು ಸ್ಟಾಕ್. 50 ಮಿಲಿಲೀಟರಿಗೆ ಬೇಕಾದ 1.25 ಮಿಲಿಗ್ರಾಂ ಪುಡಿಯನ್ನು ನೇರವಾಗಿ ತೂಗಲು ಹೋಗಬೇಡಿ, ತಕ್ಕಡಿ ಅಷ್ಟು ಸಣ್ಣ ತೂಕಕ್ಕೆ ಸರಿಯಾದ ಉತ್ತರ ಕೊಡುವುದಿಲ್ಲ.

ಸ್ಟಾಕನ್ನು ನೀರಲ್ಲಿ ತೆಳು ಮಾಡಿ, ಲೀಟರಿಗೆ 2.5 ಮಿಲಿಗ್ರಾಂ ಆಗುವಂತೆ ಒಂದು ಕ್ಯುವೆಟ್‌ಗೆ ತುಂಬಿ. 400ರಿಂದ 800 ನ್ಯಾನೋಮೀಟರ್‌ವರೆಗೆ ಸ್ಕ್ಯಾನ್ ಮಾಡಿ. ಶಿಖರ 532ರ ಆಸುಪಾಸಿನಲ್ಲಿ ಬರಬೇಕು. ಪುಡಿ ಪೂರ್ತಿ ಶುದ್ಧವಾಗಿದ್ದರೆ ಅಲ್ಲಿ ಹೀರಿಕೆ ಸುಮಾರು 0.2 ಇರುತ್ತದೆ. 0.08 ಬಂದರೆ ಪುಡಿಯಲ್ಲಿ ನಿಜವಾದ ಬಣ್ಣ 40 ಶೇಕಡಾ ಮಾತ್ರ ಎಂದು ಹಿಡಿಯಿರಿ. 460ರ ಕಡೆ ಭುಜ ಉಬ್ಬಿದ್ದರೆ ಕಂದು ಬೆರಕೆ ಇದೆ. 700 ದಾಟಿದ ಮೇಲೂ ಒಂದು ದಿಬ್ಬ ಕಂಡರೆ ನೇರಳೆ ಬೆರಕೆ.

ಬ್ಲಾಟ್‌ಗೆ ಬಳಸುವುದು ಲೀಟರಿಗೆ 25 ಮಿಲಿಗ್ರಾಂ. ಶುದ್ಧ ಪುಡಿಯಾದರೆ ಇದು ಸುಮಾರು 32 ಮೈಕ್ರೋಮೋಲಾರ್. 40 ಶೇಕಡಾ ಶುದ್ಧವಾದರೂ 13 ಮೈಕ್ರೋಮೋಲಾರ್ ಸಿಗುತ್ತದೆ. ಕೆಡಿ 0.7 ಆದ್ದರಿಂದ ಎರಡೂ ಸಾಕು. ಹಾಗಾಗಿ ಬ್ಯಾಂಡ್ ಬರದೇ ಇದ್ದಾಗ ಬಣ್ಣ ಕಡಿಮೆಯಾಯಿತು ಎಂದು ಇನ್ನಷ್ಟು ಸುರಿಯಬೇಡಿ, ಕಾರಣ ಬೇರೆ ಕಡೆ ಇರುತ್ತದೆ. ಆದರೆ ಅಂಕಿ ಲೆಕ್ಕ ಹಾಕುವ ಪ್ರಯೋಗವಾದರೆ, ಅಂದರೆ ಎಷ್ಟು ಬಣ್ಣ ಅಂಟಿತು ಎಂದು ಅಳೆಯುವುದಾದರೆ, ತೂಕದ ಬದಲು ಈ ಹೀರಿಕೆಯಿಂದಲೇ ಪ್ರಮಾಣ ಕಂಡುಕೊಳ್ಳಿ.

ಸ್ಟಾಕನ್ನು ಆಯಾ ದಿನವೇ ಮಾಡಿ. ಹಳೆಯದು ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯುವ ಬಾಟಲಿಗೆ ಹಾಕಿ. ಸೋಸಿ ಬಳಸಿದರೆ ಗಸಿ ಹೋಗುತ್ತದೆ, ಕೆಟ್ಟ ಬಣ್ಣ ಹೋಗುವುದಿಲ್ಲ.

## ಹಂತ 3: ಲೇನ್‌ಗಳನ್ನು ಕಾಗದದ ಮೇಲೆ ಮೊದಲು ಜೋಡಿಸಿ

10 ಬಾವಿಯ 2 ಜೆಲ್ ಹಾಕಿ. ಪ್ರತಿ ಜೆಲ್‌ನಲ್ಲೂ ಒಂದೇ 5 ಲೇನ್‌ಗಳ ಸಾಲು ಎರಡು ಸಲ ಬರಲಿ: ಮಾರ್ಕರ್ (ತೂಕ ಗೊತ್ತಿರುವ ಪ್ರೋಟೀನ್‌ಗಳ ಮಿಶ್ರಣ), ಕ್ಯಾಲ್ಸಿಯಂ ಹಿಡಿಯುವುದು ಖಚಿತವಾದ ಒಂದು ಪ್ರೋಟೀನ್, ಲೈಸೊಜೈಮ್, ಬಿಎಸ್‌ಎ (ಹಸುವಿನ ರಕ್ತದ ಆಲ್ಬ್ಯುಮಿನ್), ನಿಮ್ಮ ಮಾದರಿ. ಟ್ರಾನ್ಸ್‌ಫರ್ ಆದ ಮೇಲೆ ಮೆಂಬ್ರೇನ್ ಕತ್ತರಿಸಿದರೆ ಒಂದೇ ಥರದ 4 ಪಟ್ಟಿ ಸಿಗುತ್ತವೆ. ಮೊದಲ ಜೆಲ್‌ನಿಂದ ಎ ಮತ್ತು ಬಿ, ಎರಡನೆಯದರಿಂದ ಸಿ ಮತ್ತು ಡಿ.

ಎ ಪಟ್ಟಿ ಅಮಿಡೋ ಬ್ಲ್ಯಾಕ್‌ಗೆ. ಬಿ, ಸಿ, ಡಿ ಮೂರಕ್ಕೂ ರುಥೇನಿಯಂ ರೆಡ್. ಆಮೇಲೆ ಬಿ ಬರಿ ಬಫರಿಗೆ, ಸಿ ಕ್ಯಾಲ್ಸಿಯಂಗೆ, ಡಿ ಮೆಗ್ನೀಸಿಯಂಗೆ.

ಲೈಸೊಜೈಮ್ ಕ್ಷಾರೀಯ ಪ್ರೋಟೀನ್. ಧನ ವಿದ್ಯುದಂಶದ ಬಣ್ಣ ಅದಕ್ಕೆ ಅಂಟಬಾರದು. ಕೋಳಿ ಮೊಟ್ಟೆಯದ್ದೇ ತೆಗೆದುಕೊಳ್ಳಿ. ಕುದುರೆಯ ಲೈಸೊಜೈಮ್ ಕ್ಯಾಲ್ಸಿಯಂ ಹಿಡಿಯುವ ಜಾತಿಯದು, ಅದು ಇಲ್ಲಿಗೆ ಬಾರದು. ಬಿಎಸ್‌ಎ ಆಮ್ಲೀಯ, ಆದರೆ ಕ್ಯಾಲ್ಸಿಯಂ ಹಿಡಿಯುವುದು ಅದರ ಮುಖ್ಯ ಕೆಲಸವಲ್ಲ. ನಿಮ್ಮ ಮಾದರಿಯ ಬ್ಯಾಂಡ್ ಬಿಎಸ್‌ಎ ಬ್ಯಾಂಡ್‌ನಷ್ಟೇ ಮಸುಕಾಗಿದ್ದರೆ ಅದರ ಮೇಲೆ ದೊಡ್ಡ ಮಾತು ಕಟ್ಟಬೇಡಿ. ನಿಯಂತ್ರಣದ ಪ್ರೋಟೀನ್‌ಗಳನ್ನು 5 ಮೈಕ್ರೋಗ್ರಾಂನಿಂದ ಶುರು ಮಾಡಿ.

ಖಚಿತವಾದ ಪ್ರೋಟೀನ್ ಕೊಳ್ಳಲು ದುಡ್ಡಿಲ್ಲವೇ? ಮಟನ್ ಅಂಗಡಿಯಿಂದ ಆಗಷ್ಟೇ ಕೊಯ್ದ ಆಡಿನ ಮಿದುಳು ತನ್ನಿ, ಮಂಜುಗಡ್ಡೆಯಲ್ಲೇ ತರಬೇಕು. ತಂಪು ಬಫರಿನಲ್ಲಿ ಅರೆದು, ಒಮ್ಮೆ ಸ್ಪಿನ್ ಮಾಡಿ, ಮೇಲಿನ ತಿಳಿಯನ್ನು 90 ಡಿಗ್ರಿಯಲ್ಲಿ ಕೆಲವು ನಿಮಿಷ ಇಟ್ಟು ತಕ್ಷಣ ಮಂಜಿಗೆ ಹಾಕಿ. ಬಹುತೇಕ ಪ್ರೋಟೀನ್‌ಗಳು ಬೆಂದು ಗಟ್ಟಿಯಾಗುತ್ತವೆ. ಕ್ಯಾಲ್ಮೊಡ್ಯುಲಿನ್ ಬಿಸಿ ತಡೆದುಕೊಂಡು ತಿಳಿಯಲ್ಲೇ ಉಳಿಯುತ್ತದೆ. ಮತ್ತೆ ಸ್ಪಿನ್ ಮಾಡಿದರೆ ಬಡ ಲ್ಯಾಬಿಗೆ ಸಾಕಾಗುವಷ್ಟು ನಿಯಂತ್ರಣ ಸಿಕ್ಕಿತು. ಪೂರ್ತಿ ಶುದ್ಧವಲ್ಲ, ಆದ್ದರಿಂದ ಬ್ಯಾಂಡ್ ಸರಿಯಾದ ಜಾಗದಲ್ಲಿದೆಯಾ ಎಂದು ನೋಡಿಕೊಳ್ಳಬೇಕು. ನಿಮ್ಮ ಸಂಸ್ಥೆಯಲ್ಲಿ ಪ್ರಾಣಿ ಅಂಗಾಂಶ ತರಲು ಅನುಮತಿ ಬೇಕಾ ಎಂದು ಮೊದಲೇ ಕೇಳಿಕೊಳ್ಳಿ.

## ಹಂತ 4: ಜೆಲ್ ಮತ್ತು ಟ್ರಾನ್ಸ್‌ಫರ್

ಕ್ಯಾಲ್ಮೊಡ್ಯುಲಿನ್ ಥರದ ಸಣ್ಣ ಪ್ರೋಟೀನಿಗೆ 15 ಶೇಕಡಾ ಜೆಲ್, ಕ್ಯಾಲ್ಸೀಕ್ವೆಸ್ಟ್ರಿನ್‌ಗೆ 10 ಶೇಕಡಾ.

ಈ ಪ್ರೋಟೀನ್‌ಗಳ ಓಟ ಮೋಸ ಮಾಡುತ್ತದೆ. ಕ್ಯಾಲ್ಸೀಕ್ವೆಸ್ಟ್ರಿನ್‌ನ ನಿಜವಾದ ತೂಕ ಸುಮಾರು 40 ಕಿಲೋಡಾಲ್ಟನ್. ಸಾಮಾನ್ಯ ಲೆಮ್ಲಿ ಜೆಲ್‌ನಲ್ಲಿ ಅದು 60 ದಾಟಿ, 63ರ ಹತ್ತಿರ ನಿಲ್ಲುತ್ತದೆ. ಆಮ್ಲದ ತುದಿಗಳು ಜಾಸ್ತಿ ಇರುವುದರಿಂದ, ಪ್ರೋಟೀನನ್ನು ಜೆಲ್‌ನಲ್ಲಿ ಓಡಿಸಲು ಬಳಸುವ ಎಸ್‌ಡಿಎಸ್ ಎಂಬ ಸಾಬೂನು ಸರಿಯಾಗಿ ಹತ್ತುವುದಿಲ್ಲ. "ನನ್ನ ಪ್ರೋಟೀನ್ 40ರಲ್ಲಿ ಇಲ್ಲ" ಎಂದು ಬ್ಲಾಟ್ ಎಸೆಯುವ ಮೊದಲು ಮೇಲಕ್ಕೆ ನೋಡಿ.

ಕ್ಯಾಲ್ಮೊಡ್ಯುಲಿನ್ ಇನ್ನೊಂದು ಥರ. ಮಾದರಿಯಲ್ಲಿ ಕ್ಯಾಲ್ಸಿಯಂ ಇದ್ದರೆ ಸ್ವಲ್ಪ ಕೆಳಗೆ, ಇಜಿಟಿಎ ಇದ್ದರೆ ಸ್ವಲ್ಪ ಮೇಲೆ ಓಡುತ್ತದೆ. ಇದು ಉಚಿತವಾಗಿ ಸಿಗುವ ಸಾಕ್ಷಿ. ಬೇರೆ ಒಂದು ಜೆಲ್‌ನಲ್ಲಿ ಮಾದರಿಯನ್ನು 5 ಮಿಲಿಮೋಲಾರ್ ಕ್ಯಾಲ್ಸಿಯಂ ಮತ್ತು 5 ಮಿಲಿಮೋಲಾರ್ ಇಜಿಟಿಎ ಜೊತೆ ಬೇರೆ ಬೇರೆಯಾಗಿ ಓಡಿಸಿ. ನಡುವೆ ಒಂದು ಲೇನ್ ಖಾಲಿ ಬಿಡಿ, ಇಲ್ಲವಾದರೆ ಪಕ್ಕದಿಂದ ಪಕ್ಕಕ್ಕೆ ಹರಡುತ್ತದೆ.

ಟ್ರಾನ್ಸ್‌ಫರ್‌ಗೆ ಮಾಮೂಲಿ ಟ್ರಿಸ್-ಗ್ಲೈಸಿನ್ ಬಫರ್, 20 ಶೇಕಡಾ ಮೆಥನಾಲ್. ಮೆಥನಾಲ್ ಬಿಡಬೇಡಿ. ಅದು ಪ್ರೋಟೀನಿನಿಂದ ಎಸ್‌ಡಿಎಸ್ ಬಿಡಿಸುತ್ತದೆ, ಪ್ರೋಟೀನ್ ನೈಟ್ರೋಸೆಲ್ಯುಲೋಸ್‌ಗೆ ಹಿಡಿದುಕೊಳ್ಳಲು ಸಹಾಯ ಮಾಡುತ್ತದೆ. ಸಣ್ಣ ಆಮ್ಲೀಯ ಪ್ರೋಟೀನ್‌ಗಳು ಮೆಂಬ್ರೇನ್ ತೂರಿ ಆಚೆ ಹೋಗುತ್ತವೆ. ಅದಕ್ಕೇ 0.2 ಮೈಕ್ರಾನ್ ಕೇಳಿದ್ದು. ಹಿಂದೆ ಇನ್ನೊಂದು ತುಂಡು ಮೆಂಬ್ರೇನ್ ಇಟ್ಟರೆ ಎಷ್ಟು ತೂರಿತು ಎಂದು ಗೊತ್ತಾಗುತ್ತದೆ.

ಹಾಗೂ ಕ್ಯಾಲ್ಮೊಡ್ಯುಲಿನ್ ನಿಲ್ಲದಿದ್ದರೆ ಟ್ರಾನ್ಸ್‌ಫರ್ ಆದ ಮೇಲೆ 0.2 ಶೇಕಡಾ ಗ್ಲುಟರಾಲ್ಡಿಹೈಡ್‌ನಲ್ಲಿ ಕಟ್ಟಿಹಾಕಬಹುದು. ಈ ಒಂದು ಸಲಕ್ಕೆ ಮಾತ್ರ ಫಾಸ್ಫೇಟ್ ಬಫರ್ ಬಳಸಿ. ಟ್ರಿಸ್ ಮತ್ತು ಗ್ಲೈಸಿನ್ ಎರಡೂ ಗ್ಲುಟರಾಲ್ಡಿಹೈಡನ್ನು ತಿಂದುಹಾಕುತ್ತವೆ, ಆದ್ದರಿಂದ ಮೊದಲು ಅವನ್ನು ತೊಳೆಯಿರಿ. ಆಮೇಲೆ ಫಾಸ್ಫೇಟನ್ನೂ ಪೂರ್ತಿ ತೊಳೆಯಿರಿ. 4 ಪಟ್ಟಿಗೂ ಒಂದೇ ಥರ ಮಾಡಬೇಕು.

## ಹಂತ 5: ಎಸ್‌ಡಿಎಸ್ ಬಿಡಿಸಿ, ಹಾಲು ಹಾಕಬೇಡಿ

ಮೆಂಬ್ರೇನನ್ನು ಮೂಲ ಬಫರಿನಲ್ಲಿ ಶೇಕರ್ ಮೇಲೆ ಇಡಿ. ಪ್ರತಿ ಸಲ 10 ನಿಮಿಷ, 3 ಸಲ, ಪ್ರತಿ ಸಲ ಹೊಸ ಬಫರ್. ಎಸ್‌ಡಿಎಸ್ ಋಣ ವಿದ್ಯುದಂಶದ ಸಾಬೂನು. ಅದು ಉಳಿದ ಕಡೆಯೆಲ್ಲ ರುಥೇನಿಯಂ ರೆಡ್ ಅಂಟುತ್ತದೆ. ಇಡೀ ಮೆಂಬ್ರೇನ್ ಗುಲಾಬಿಯಾಗುವವರು ಮೊದಲು ನೋಡಬೇಕಾದ ಹಂತ ಇದು. ತೊಳೆಯುವಾಗ ನೊರೆ ಕಂಡರೆ ಇನ್ನೂ ಎರಡು ಸಲ ತೊಳೆಯಿರಿ.

ಆಂಟಿಬಾಡಿ ಬಳಸುವ ವೆಸ್ಟರ್ನ್ ಬ್ಲಾಟ್ ಮಾಡಿ ಕೈ ಪಳಗಿದವರು ಇಲ್ಲಿ ಅಭ್ಯಾಸಬಲದಿಂದ ಹಾಲಿನ ಪುಡಿಯಲ್ಲಿ ಬ್ಲಾಕ್ ಮಾಡುತ್ತಾರೆ, ಅಂದರೆ ಮೆಂಬ್ರೇನಿನ ಖಾಲಿ ಜಾಗ ಮುಚ್ಚುತ್ತಾರೆ. ದಯವಿಟ್ಟು ಬೇಡ. ಹಾಲಿನ ಕೇಸಿನ್ ಫಾಸ್ಫೇಟ್ ತುಂಬಿದ, ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್. ಅದನ್ನು ಮೆಂಬ್ರೇನ್ ತುಂಬ ಸವರಿ ಮೇಲೆ ಈ ಬಣ್ಣ ಹಾಕಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಇಲ್ಲಿ ಆಂಟಿಬಾಡಿ ಇಲ್ಲ, ಬ್ಲಾಕಿಂಗ್ ಬೇಕಾಗಿಯೇ ಇಲ್ಲ.

ಪೊನ್ಸೊ ಎಸ್ ಎಂಬ ಪ್ರೋಟೀನ್ ಬಣ್ಣ ಕೂಡ ಈ ಪಟ್ಟಿಗಳ ಮೇಲೆ ಬೇಡ. ಅದೂ ಕೆಂಪು, ಇದೂ ಕೆಂಪು. ಉಳಿದುಕೊಂಡ ಪೊನ್ಸೊವನ್ನು ರುಥೇನಿಯಂ ಎಂದು ತಿಳಿಯುವ ಅಪಾಯ ಇದೆ. ಟ್ರಾನ್ಸ್‌ಫರ್ ಸರಿಯಾಯಿತಾ ಎಂದು ನೋಡಲು ಎ ಪಟ್ಟಿ ಇದೆಯಲ್ಲ. ಅದನ್ನು 0.1 ಶೇಕಡಾ ಅಮಿಡೋ ಬ್ಲ್ಯಾಕ್‌ನಲ್ಲಿ ಅದ್ದಿ. ಆ ದ್ರಾವಣಕ್ಕೆ 25 ಶೇಕಡಾ ಐಸೊಪ್ರೊಪನಾಲ್, 10 ಶೇಕಡಾ ಅಸಿಟಿಕ್ ಆಮ್ಲ. ಈ ಪಟ್ಟಿಯಲ್ಲಿ ಲೈಸೊಜೈಮ್ ಸೇರಿ ಎಲ್ಲ ಬ್ಯಾಂಡ್ ಕಾಣಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ. ಪ್ರೋಟೀನೇ ಇಲ್ಲದ ಕಡೆ ಬಣ್ಣ ಬರಲಿಲ್ಲ ಎನ್ನುವುದು ಫಲಿತಾಂಶವಲ್ಲ.

ಇಲ್ಲಿಂದ ಮುಂದೆ ಮೆಂಬ್ರೇನ್ ಒಣಗಲು ಬಿಡಬೇಡಿ. ಒಣಗಿದ ಅಂಚಿನಲ್ಲಿ ಬಣ್ಣ ಕೂತರೆ ಬಿಡುವುದಿಲ್ಲ.

## ಹಂತ 6: ಬಣ್ಣ

ಮೂಲ ಬಫರ್ 48.75 ಮಿಲಿಲೀಟರಿಗೆ 1.25 ಮಿಲಿಲೀಟರ್ ಸ್ಟಾಕ್ ಸೇರಿಸಿ. ಲೀಟರಿಗೆ 25 ಮಿಲಿಗ್ರಾಂ ಲೆಕ್ಕ ಸರಿಹೋಯಿತು. ಬಿ, ಸಿ, ಡಿ ಪಟ್ಟಿಗಳನ್ನು ಒಂದೇ ಟ್ರೇಯಲ್ಲಿ, ಒಂದೇ ದ್ರಾವಣದಲ್ಲಿ ಅದ್ದಿ. ಬೇರೆ ಬೇರೆ ಟ್ರೇಯಲ್ಲಿ ಹಾಕಿದರೆ ಕೊನೆಗೆ ಹೋಲಿಸುವುದಕ್ಕೆ ಆಧಾರವೇ ಇರುವುದಿಲ್ಲ. ಯಾವುದು ಯಾವ ಪಟ್ಟಿ ಎಂದು ತಿಳಿಯಲು ಮೂಲೆಯನ್ನು ಬೇರೆ ಬೇರೆ ಥರ ಕತ್ತರಿಸಿ, ಪೆನ್ ಗುರುತು ಬೇಡ.

10 ನಿಮಿಷಕ್ಕೆ ನೋಡಿ. ಖಚಿತ ಪ್ರೋಟೀನಿನ ಬ್ಯಾಂಡ್ ಕೆಂಪಾಗಿ ಏಳುತ್ತಿರಬೇಕು. ಮಸುಕಾಗಿದ್ದರೆ 30 ನಿಮಿಷದವರೆಗೆ ಬಿಡಬಹುದು. ರಾತ್ರಿಯಿಡೀ ಬಿಟ್ಟರೆ ಬ್ಯಾಂಡಿಗಿಂತ ಹಿನ್ನೆಲೆ ಹೆಚ್ಚಾಗುತ್ತದೆ.

ಆಮೇಲೆ ಬಣ್ಣವಿಲ್ಲದ ಮೂಲ ಬಫರಿನಲ್ಲಿ, ಹಿನ್ನೆಲೆ ಬಿಳಿಯಾಗುವವರೆಗೆ, ಬಫರ್ ಬದಲಿಸುತ್ತಾ ತೊಳೆಯಿರಿ. ಬಿಳಿ ಬೆಳಕಿನ ಕೆಳಗೆ ಒದ್ದೆಯಾಗಿರುವಾಗಲೇ ಮೂರನ್ನೂ ಒಂದೇ ಫ್ರೇಮಿನಲ್ಲಿ ಫೋಟೊ ತೆಗೆಯಿರಿ. ಮುಂದಿನ ಹಂತದಲ್ಲಿ ಬಣ್ಣ ಹೋಗುವುದರಿಂದ ಈ ಫೋಟೊ ಮತ್ತೆ ಸಿಗುವುದಿಲ್ಲ. ಕ್ಯಾಮೆರಾದ ಎಕ್ಸ್‌ಪೋಶರ್ ಬರೆದಿಟ್ಟುಕೊಳ್ಳಿ, ಎರಡನೆಯ ಫೋಟೊಗೂ ಅದೇ ಬೇಕು.

## ಹಂತ 7: ಕ್ಯಾಲ್ಸಿಯಂ ಪರೀಕ್ಷೆ

ಇಡೀ ಪ್ರಯೋಗ ಇರುವುದೇ ಈ ಹಂತಕ್ಕಾಗಿ. ಆದರೂ ಬಹಳ ಮಂದಿ ಹಂತ 6ರ ಫೋಟೊ ಸಿಕ್ಕ ಮೇಲೆ ಇಲ್ಲಿಗೆ ಬರುವುದೇ ಇಲ್ಲ.

3 ಟ್ರೇ ತೆಗೆದುಕೊಳ್ಳಿ. ಮೂರಕ್ಕೂ 100 ಮಿಲಿಲೀಟರ್ ಮೂಲ ಬಫರ್. ಬಿ ಟ್ರೇಗೆ ಏನೂ ಬೇಡ. ಸಿ ಟ್ರೇಗೆ 10 ಮಿಲಿಮೋಲಾರ್ ಆಗುವಂತೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 0.147 ಗ್ರಾಂ. ಡಿ ಟ್ರೇಗೆ ಹೆಚ್ಚುವರಿ 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, ಅಂದರೆ ಹೆಕ್ಸಾಹೈಡ್ರೇಟ್ 0.203 ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡ್ ಬಾಟಲಿಯ ಲೇಬಲ್ ಒಮ್ಮೆ ಓದಿ. ನೀರಿಲ್ಲದ ರೂಪದ ತೂಕ 111, ಡೈಹೈಡ್ರೇಟ್‌ದು 147. ಗಾಳಿಯಿಂದ ತೇವ ಎಳೆದು ಮುದ್ದೆಯಾದ ಪುಡಿಯ ತೂಕ ನಂಬುವಂತಿಲ್ಲ.

ಡಿ ಪಟ್ಟಿ ಯಾಕೆ? ಉಪ್ಪು ಜಾಸ್ತಿಯಾದರೆ ಸಡಿಲವಾಗಿ ಅಂಟಿದ ಬಣ್ಣ ಹೇಗೂ ಬಿಡುತ್ತದೆ. ಸಿ ಮತ್ತು ಡಿ ಎರಡರಲ್ಲೂ ಉಪ್ಪಿನ ಪ್ರಮಾಣ ಒಂದೇ, ವಿದ್ಯುದಂಶವೂ ಒಂದೇ, ಬೇರೆಯಾದದ್ದು ಲೋಹ ಮಾತ್ರ. ಸಿಯಲ್ಲಿ ಬಣ್ಣ ಬೇಗ ಹೋಗಿ ಡಿಯಲ್ಲಿ ಉಳಿದರೆ ಆ ಜಾಗ ಕ್ಯಾಲ್ಸಿಯಂ ಅನ್ನು ಗುರುತು ಹಿಡಿಯುತ್ತದೆ. ಎರಡರಲ್ಲೂ ಒಂದೇ ವೇಗದಲ್ಲಿ ಹೋದರೆ ಅದು ಬರಿ ಉಪ್ಪಿನ ಪರಿಣಾಮ. ಎರಡರಲ್ಲೂ ಹೋಗದಿದ್ದರೆ ಬಣ್ಣ ಕ್ಯಾಲ್ಸಿಯಂ ಜಾಗದಲ್ಲಿ ಕೂತಿದೆ ಎನ್ನಲು ಆಧಾರವಿಲ್ಲ. ಬಿ ಪಟ್ಟಿ ಇರುವುದು, ಸುಮ್ನೆ ತೊಳೆದರೆ ಎಷ್ಟು ಹೋಗುತ್ತದೆ ಎಂದು ತಿಳಿಯಲು.

5, 15, 30 ನಿಮಿಷಕ್ಕೆ ಮೂರರ ಫೋಟೊ ತೆಗೆಯಿರಿ. ಮೊದಲು ಖಚಿತ ಪ್ರೋಟೀನಿನ ಲೇನ್ ನೋಡಿ. ಅದೇ ಬಿಡದಿದ್ದರೆ ನಿಮ್ಮ ಮಾದರಿಯ ಬಗ್ಗೆ ತೀರ್ಮಾನ ಬೇಡ. ಸಿ ಮತ್ತು ಡಿ ಎರಡನ್ನೂ ಒಟ್ಟಿಗೆ 50 ಮಿಲಿಮೋಲಾರಿಗೆ ಏರಿಸಿ ಮತ್ತೆ ನೋಡಿ. ಒಂದನ್ನೇ ಏರಿಸಿದರೆ ಹೋಲಿಕೆ ಮುರಿಯಿತು.

ಬಣ್ಣದ ದ್ರಾವಣಕ್ಕೇ ಕ್ಯಾಲ್ಸಿಯಂ ಸೇರಿಸಿ "ತಡೆಯಲಿಲ್ಲ" ಎಂದು ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಬಣ್ಣ 32 ಮೈಕ್ರೋಮೋಲಾರ್ ಇರುವಾಗ ಅದು ತನ್ನ ಕೆಡಿಗಿಂತ 45 ಪಟ್ಟು ಹೆಚ್ಚಿದೆ. ಇಬ್ಬರೂ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತಾರೆ ಎಂದು ಲೆಕ್ಕ ಹಾಕಿದರೆ, ಅರ್ಧ ಬಣ್ಣ ಬಿಡಿಸಲು 60 ಮಿಲಿಮೋಲಾರಿಗಿಂತ ಹೆಚ್ಚು ಕ್ಯಾಲ್ಸಿಯಂ ಬೇಕು. 5 ಮಿಲಿಮೋಲಾರ್ ಹಾಕಿ ಏನೂ ಆಗಲಿಲ್ಲ ಅಂದರೆ ಆಶ್ಚರ್ಯವಿಲ್ಲ. ಅದಕ್ಕೇ ಬಣ್ಣವನ್ನು ತೊಳೆದು ತೆಗೆದ ಮೇಲೆ ಕ್ಯಾಲ್ಸಿಯಂ ಕೊಡುವ ಈ ಕ್ರಮ.

## ಹಂತ 8: ಇನ್ನೊಂದು ದಾರಿಯಿಂದ ಖಚಿತಪಡಿಸಿ

ಒಂದೇ ಬಣ್ಣದ ಮೇಲೆ ನಿಲ್ಲಬೇಡಿ. ಸುಲಭವಾದದ್ದು ಸ್ಟೇನ್ಸ್-ಆಲ್ ಎಂಬ ಇನ್ನೊಂದು ಬಣ್ಣ. ಇದನ್ನು ಜೆಲ್ ಮೇಲೇ ಹಾಕುತ್ತಾರೆ. ಕ್ಯಾಲ್ಸೀಕ್ವೆಸ್ಟ್ರಿನ್ ಥರದವು ನೀಲಿಯಾಗುತ್ತವೆ, ಬಹುತೇಕ ಉಳಿದವು ಕೆಂಪು ಅಥವಾ ಗುಲಾಬಿ. ಜೆಲ್‌ನಿಂದ ಎಸ್‌ಡಿಎಸ್ ಪೂರ್ತಿ ತೆಗೆಯಬೇಕು, ಕತ್ತಲಲ್ಲಿ ಇಡಬೇಕು, ಬೆಳಕಿಗೆ ಬಣ್ಣ ಹೋಗುತ್ತದೆ. ಅದರಲ್ಲಿ ಬಳಸುವ ಫಾರ್ಮಮೈಡ್ ಗರ್ಭಿಣಿಯರಿಗೆ ಅಪಾಯ, ಹುಡ್ ಒಳಗೇ ಮಾಡಿ.

ಬಲವಾದ ಸಾಕ್ಷಿ ವಿಕಿರಣಶೀಲ ಕ್ಯಾಲ್ಸಿಯಂ-45 ಬಳಸುವ ಓವರ್‌ಲೇ. ಮೆಂಬ್ರೇನ್ ಮೇಲಿನ ಪ್ರೋಟೀನ್ ನಿಜವಾದ ಕ್ಯಾಲ್ಸಿಯಂ ಹಿಡಿಯುವುದನ್ನೇ ಫಿಲ್ಮ್ ಮೇಲೆ ನೋಡುತ್ತೇವೆ. ನಮ್ಮ ದೇಶದಲ್ಲಿ ಇದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇರುವ ಲ್ಯಾಬ್ ಬೇಕು. 1990ರ ಅದೇ ಅಧ್ಯಯನದಲ್ಲಿ ಓವರ್‌ಲೇ ತೋರಿಸಿದ ಪ್ರೋಟೀನ್‌ಗಳಿಗೇ ರುಥೇನಿಯಂ ರೆಡ್ ಕೂಡ ಅಂಟಿತ್ತು. ಹಾಗಾಗಿ ಓವರ್‌ಲೇ ಮಾಡಲು ಆಗದ ಲ್ಯಾಬಿಗೆ ಇದು ನಂಬಬಹುದಾದ ಮೊದಲ ಜರಡಿ. ಆದರೆ ಅಲ್ಲಿ ಕೆಂಪು ರಕ್ತಕಣದ ಬ್ಯಾಂಡ್ 3 ಎಂಬ ಅಯಾನು ಸಾಗಿಸುವ ಪ್ರೋಟೀನಿಗೂ ಬಣ್ಣ ಬಂದಿತ್ತು ಎನ್ನುವುದು ಮರೆಯಬೇಡಿ. ಪಟ್ಟಿ ನೀವು ಊಹಿಸಿದ್ದಕ್ಕಿಂತ ಅಗಲ ಇರುತ್ತದೆ.

## ಎಚ್ಚರಿಕೆಯ ಗುರುತುಗಳು

ಲೈಸೊಜೈಮ್ ಕೂಡ ಕೆಂಪು. ಎಸ್‌ಡಿಎಸ್ ಉಳಿದಿದೆ, ಇಲ್ಲವೇ ಬಫರಿಗೆ ಉಪ್ಪು ಹಾಕಲು ಮರೆತಿದ್ದೀರಿ. ಆ ಬ್ಲಾಟ್‌ನ ಉಳಿದ ಲೇನ್‌ಗಳನ್ನೂ ನಂಬಬೇಡಿ.

ಮೆಂಬ್ರೇನ್ ಕಂದು ಛಾಯೆಗೆ ತಿರುಗಿದೆ. ಬಣ್ಣ ಕೆಟ್ಟಿದೆ. ಹಂತ 2ಕ್ಕೆ ಹೋಗಿ.

ಲೇನಿನ ಮೇಲ್ತುದಿಯಲ್ಲಿ ಕೆಂಪು ಮಬ್ಬು. ಪ್ರೋಟಿಯೋಗ್ಲೈಕನ್ ಅಥವಾ ಡಿಎನ್‌ಎ ಇರಬಹುದು. ಆಮ್ಲೀಯ ಸಕ್ಕರೆ ಸರಪಳಿಗಳಿಗೆ ಈ ಬಣ್ಣ ಚೆನ್ನಾಗಿ ಅಂಟುತ್ತದೆ. ಸಸ್ಯದ ಮಾದರಿಯಾದರೆ ಪೆಕ್ಟಿನ್ ಮೇಲೆ ಮೊದಲ ಅನುಮಾನ ಇರಲಿ. ಮಾದರಿಗೆ ಸರಿಯಾದ ಕಿಣ್ವ ಕೊಟ್ಟು ಮತ್ತೆ ಓಡಿಸಿದಾಗ ಮಬ್ಬು ಹೋದರೆ ಉತ್ತರ ಸಿಕ್ಕಿತು.

ತೀರಾ ಕೆಳಗೆ, ಜೆಲ್‌ನಲ್ಲಿ ಎಲ್ಲಕ್ಕಿಂತ ಮುಂದೆ ಓಡುವ ಬಣ್ಣದ (ಡೈ ಫ್ರಂಟ್) ಜೊತೆ ಗೆರೆ. ಪೊರೆಯ ಮಾದರಿಗಳಲ್ಲಿ ಕೊಬ್ಬು ಅಲ್ಲಿಗೆ ಬಂದು ಸೇರುತ್ತದೆ. ಅದನ್ನು ಸಣ್ಣ ಪ್ರೋಟೀನ್ ಎಂದು ಎಣಿಸಬೇಡಿ.

ಬ್ಯಾಂಡ್ 50ರಿಂದ 55 ಕಿಲೋಡಾಲ್ಟನ್ ಹತ್ತಿರ, ಮಿದುಳಿನ ಮಾದರಿ. ಟ್ಯೂಬ್ಯುಲಿನ್ ಇರಬಹುದು. ಅದರ ಬಾಲ ಬಹಳ ಆಮ್ಲೀಯ, ಬಣ್ಣ ಹಿಡಿಯುತ್ತದೆ, ಮಿದುಳಿನಲ್ಲಿ ಧಾರಾಳವಾಗಿದೆ. ಆಂಟಿಬಾಡಿಯಿಂದ ನೋಡಿಕೊಳ್ಳಿ.

ಎ ಪಟ್ಟಿಯಲ್ಲಿ ಬ್ಯಾಂಡ್ ಇದೆ, ಬಿಯಲ್ಲಿ ಖಚಿತ ಪ್ರೋಟೀನಿಗೂ ಇಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಇದೆಯಾ ನೋಡಿ. ಇಲ್ಲವಾದರೆ ಡಿಟಿಟಿ ಥರದ ಅಪಕರ್ಷಕ ಬಣ್ಣದ ಟ್ರೇಗೆ ಸೇರಿದೆಯಾ ನೋಡಿ, ಅವು ಬಣ್ಣವನ್ನೇ ಕೊಲ್ಲಬಲ್ಲವು.

## ಬ್ಲಾಟ್‌ನಿಂದ ಜೀವಕೋಶಕ್ಕೆ ಹೋಗುವ ಮುನ್ನ

ಬ್ಲಾಟ್ ಸರಿಬಂದ ಮೇಲೆ ಅನೇಕರಿಗೆ ಅದೇ ಬಣ್ಣವನ್ನು ಜೀವಕೋಶಕ್ಕೆ ಹಾಕಿ ನೋಡುವ ಮನಸ್ಸಾಗುತ್ತದೆ. ಅಲ್ಲಿ ಇದು ಬೇರೆಯೇ ಪ್ರಯೋಗ. +6 ವಿದ್ಯುದಂಶದ ಅಯಾನು ಕೆಡದ ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟುವುದಿಲ್ಲ. ಒಳಗಿನ ಸಂಗ್ರಹ ಚೀಲದಲ್ಲಿರುವ ಕ್ಯಾಲ್ಸೀಕ್ವೆಸ್ಟ್ರಿನ್ ತಲುಪಲು ಇನ್ನೂ ಒಂದು ಪೊರೆ ದಾಟಬೇಕು. ಹೊರಗಿನಿಂದ ಬಣ್ಣ ಹಾಕಿ ಏನೋ ಬದಲಾಯಿತು ಅಂದರೆ, ಮೊದಲು ಜೀವಕೋಶದ ಹೊರಮೈಯ ಚಾನೆಲ್‌ಗಳನ್ನು ಅನುಮಾನಿಸಿ. ಖಾರಕ್ಕೆ ಸ್ಪಂದಿಸುವ ಟಿಆರ್‌ಪಿವಿ1 ಮತ್ತು ಅದರ ಬಂಧುಗಳನ್ನು ರುಥೇನಿಯಂ ರೆಡ್ ಮುಚ್ಚುತ್ತದೆ.

ಪೊರೆಗೆ ರಂಧ್ರ ಮಾಡಿದ ಜೀವಕೋಶ ಅಥವಾ ಬೇರ್ಪಡಿಸಿದ ಮೈಟೊಕಾಂಡ್ರಿಯಾ ಆದರೆ ಇನ್ನೊಂದು ಸಮಸ್ಯೆ. ಮೈಟೊಕಾಂಡ್ರಿಯಾ ಕ್ಯಾಲ್ಸಿಯಂ ಎಳೆದುಕೊಳ್ಳುವ ಯುನಿಪೋರ್ಟರ್ ಇದೆ. ಅದರ ಮುಖ್ಯ ಪ್ರೋಟೀನ್ ಎಮ್‌ಸಿಯು 2011ರಲ್ಲಿ ಗುರುತಾಯಿತು. ಬ್ಲಾಟ್‌ಗೆ ಬಳಸುವುದಕ್ಕಿಂತ ತುಂಬಾ ಕಡಿಮೆ ಬಣ್ಣಕ್ಕೇ ಅದು ನಿಂತುಬಿಡುತ್ತದೆ. ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಹೊರಬಿಡುವ ಚಾನೆಲ್ ಆದ ರಯನೊಡಿನ್ ರಿಸೆಪ್ಟರ್ ಕೂಡ ಮುಚ್ಚಿಕೊಳ್ಳುತ್ತದೆ. ಹೀಗಿರುವಾಗ "ಬಣ್ಣ ನನ್ನ ಪ್ರೋಟೀನಿಗೆ ಅಂಟಿ ಕ್ಯಾಲ್ಸಿಯಂ ಬದಲಾಯಿಸಿತು" ಎನ್ನಲು ಬರುವುದಿಲ್ಲ.

ಯುನಿಪೋರ್ಟರ್ ಒಂದನ್ನೇ ನೋಡುವುದಾದರೆ ಆರ್‌ಯು360 ಬಳಸಿ. ಅದು ರುಥೇನಿಯಂ ರೆಡ್ ಪುಡಿಯಲ್ಲೇ ಬೆರಕೆಯಾಗಿ ಸಿಕ್ಕ ಎರಡು ರುಥೇನಿಯಂನ ಸಂಯುಕ್ತ. ಶುದ್ಧವಲ್ಲದ ಪುಡಿಯಿಂದ ಮಾಡಿದ ಯುನಿಪೋರ್ಟರ್ ಪ್ರಯೋಗದಲ್ಲಿ ಯಾವುದು ಕೆಲಸ ಮಾಡಿತು ಎಂದು ಹೇಳುವುದು ಕಷ್ಟ. ಹಂತ 2ರ ಸ್ಕ್ಯಾನ್ ಇಲ್ಲಿ ಇನ್ನೂ ಮುಖ್ಯ. ಈ ಬೆರಕೆ 360 ನ್ಯಾನೋಮೀಟರ್ ಹತ್ತಿರ ಬೆಳಕು ಹೀರುತ್ತದೆ, ಆದ್ದರಿಂದ ಸ್ಕ್ಯಾನನ್ನು 300ರಿಂದ ಶುರು ಮಾಡಿ.

ಕ್ಯಾಲ್ಸಿಯಂ ಹಿಡಿದಾಗ ಹೊಳೆಯುವ ಫ್ಲೋರೆಸೆನ್ಸ್ ಸೂಚಕ ಬಳಸುವವರು ಒಂದು ಖಾಲಿ ಪರೀಕ್ಷೆ ಮಾಡಲೇಬೇಕು. ರುಥೇನಿಯಂ ರೆಡ್ 532ರ ಸುತ್ತ ಗಾಢವಾಗಿ ಬೆಳಕು ಹೀರುತ್ತದೆ. ಫ್ಲೂಓ-4 ಎಂಬ ಸೂಚಕ ಹೊಳೆಯುವುದು ಅದರ ಹತ್ತಿರದಲ್ಲೇ. ಹೀಗಾಗಿ ಕ್ಯಾಲ್ಸಿಯಂ ಇಳಿಯದಿದ್ದರೂ ಹೊಳಪು ಇಳಿಯಬಹುದು. ಜೀವಕೋಶವಿಲ್ಲದ ಬಾವಿಗೆ ಸೂಚಕದ ಉಪ್ಪಿನ ರೂಪ ಮತ್ತು ಗೊತ್ತಿರುವಷ್ಟು ಕ್ಯಾಲ್ಸಿಯಂ ಹಾಕಿ, ನೀವು ಬಳಸುವ ಒಂದೊಂದು ಪ್ರಮಾಣದ ಬಣ್ಣ ಸೇರಿಸಿ, ಹೊಳಪು ಎಷ್ಟು ಬೀಳುತ್ತದೆ ಎಂದು ಅಳೆಯಿರಿ. ಆ ಇಳಿಕೆಯನ್ನು ಲೆಕ್ಕಕ್ಕೆ ಹಿಡಿದ ಮೇಲೆ ಉಳಿಯುವ ವ್ಯತ್ಯಾಸವನ್ನಷ್ಟೇ ಜೀವಕೋಶದ ಫಲಿತಾಂಶ ಎಂದು ಬರೆಯಿರಿ.